ಒಂದೆರಡು ಕಡೆ

"ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆಯಾಗುವ ಸಾಧ್ಯತೆ ಇದೆ."

2024ರ ಏಪ್ರಿಲ್ಲಿನಲ್ಲಿ ಹವಾಮಾನ ಇಲಾಖೆಯ ಈ ಸಾಲು ಕಣ್ಣಿಗೆ ಬಿದ್ದಾಗಲೆಲ್ಲ ತಾರಸಿಗೆ ಹೋಗಿ ಬಕೆಟ್ ಇಟ್ಟು ಬರುತ್ತಿದ್ದೆ. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ನವನಿಗೆ ಹೊಸ ಅಳಿಯನಿಗಿಂತ ಹೆಚ್ಚು ಉಪಚಾರ ನಡೆಯುತ್ತಿದ್ದ ಕಾಲ. ಬೆಳಿಗ್ಗೆ ಹೋಗಿ ನೋಡಿದರೆ ಬಕೆಟ್ಟಿನಲ್ಲಿ ಧೂಳು, ಎರಡು ಒಣ ಎಲೆ, ಒಂದು ದಿನ ಪಕ್ಕದ ಮನೆ ಹುಡುಗನ ಟೆನಿಸ್ ಬಾಲು. ಆ ತಿಂಗಳು ನಗರದ ಮಳೆ ಮಾಪಕಕ್ಕೂ ಇದಕ್ಕಿಂತ ಹೆಚ್ಚೇನೂ ಸಿಗಲಿಲ್ಲ ಅನ್ನುವುದೊಂದೇ ಸಮಾಧಾನ. ಅದಕ್ಕೆ ಟೆನಿಸ್ ಬಾಲೂ ಸಿಕ್ಕಿರಲಿಕ್ಕಿಲ್ಲ.

ತಪ್ಪು ಮುನ್ಸೂಚನೆಯದ್ದಲ್ಲ, ನನ್ನ ಕಿವಿಯದ್ದು. ದಕ್ಷಿಣ ಒಳನಾಡು ಅಂದರೆ ಮಡಿಕೇರಿಯಿಂದ ಕೋಲಾರದವರೆಗಿನ ಸೀಮೆ. 'ಒಂದೆರಡು ಕಡೆ' ಅಂದರೆ ಅಷ್ಟೂ ಸೀಮೆಯ ಮಳೆ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲುಭಾಗ. ಮಡಿಕೇರಿಯಲ್ಲೊಂದಿಷ್ಟು, ಮೂಡಿಗೆರೆಯಲ್ಲೊಂದಿಷ್ಟು ಬಿದ್ದರೆ ಲೆಕ್ಕ ಸರಿಹೋಯಿತು. ನಾನು ಮಾತ್ರ ಒಂದು ಕಡೆ ಅಂದರೆ ಹನುಮಂತನಗರ, ಇನ್ನೊಂದು ಕಡೆ ಅಂದರೆ ನಮ್ಮ ತಾರಸಿ ಅಂದುಕೊಂಡಿದ್ದೆ.

ಇಂಥ ಹೊತ್ತಿನಲ್ಲಿ ರಾಯಚೂರಿನಿಂದ ಸೋದರಮಾವ ಬಂದರು. ತಂಪಿಗೆ! ಪ್ರತಿ ಬೇಸಿಗೆಯಲ್ಲೂ ಹದಿನೈದು ದಿನ ನಮ್ಮಲ್ಲಿದ್ದು ಹೋಗುವುದು ಅವರ ಪದ್ಧತಿ. ರಾತ್ರಿ ರೈಲಿಗೆ ಬಂದವರು ಸ್ವೆಟರ್ ತಂದಿದ್ದರು. ಅದನ್ನು ಚೀಲದಿಂದ ತೆಗೆಯಲೇ ಇಲ್ಲ. ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಮುಟ್ಟಿತು. ಅಲ್ಲಿಯವರೆಗೆ 2016ರ 39.2 ಬಿಟ್ಟರೆ ಯಾವ ಏಪ್ರಿಲ್ಲಿನಲ್ಲೂ ಅಷ್ಟು ಕಾಯ್ದದ್ದಿರಲಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೇವೆ ಅನ್ನುವ ಜಂಬದಲ್ಲಿ ಎ.ಸಿ. ಕೊಳ್ಳದ ನಮ್ಮ ಮೇಲಿನ ಮಹಡಿಯ ಮನೆಯಲ್ಲಿ ಮಾವ ಬನಿಯನ್ ತೊಟ್ಟು, ಒದ್ದೆ ಟವೆಲ್ ಹೊದ್ದು, ಫ್ಯಾನನ್ನೇ ದಿಟ್ಟಿಸುತ್ತ ಮಲಗಿದ್ದರು.

"ಏನೋ ಅಳ್ಯಾ, ನಿಮ್ಮೂರಾಗ ಫ್ಯಾನ್ ಸೈತ ಬಿಸಿ ಗಾಳಿ ಬಿಡ್ತದಲ್ಲೋ. ನಮ್ಮ ಮನ್ಯಾಗ ಕೂಲರ್ ಅದ."

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಬಯಲುಸೀಮೆಯಲ್ಲಿ 40 ಮುಟ್ಟದ ಹೊರತು ಅದಕ್ಕೆ ಬಿಸಿಗಾಳಿ ಅಂತ ಹೆಸರಿಡುವಂತಿಲ್ಲ, ಮುಟ್ಟಿದರೂ ಸಾಲದು, ಆ ಊರಿನ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ 45 ಮುಟ್ಟಬೇಕು ಅಂತ ವಿವರಿಸಿದೆ. ಮಾವ ಎದ್ದು ಕೂತರು. ರಾಯಚೂರಿನಲ್ಲಿ 40 ದಾಟುವುದೇ ವಾಡಿಕೆಯಾದ್ದರಿಂದ, ಜೀವನವಿಡೀ ತಾವು ಬೆಂದದ್ದರಲ್ಲಿ ಬಹುಪಾಲು ಲೆಕ್ಕಕ್ಕೇ ಇಲ್ಲ ಅಂತ ಅವರಿಗೆ ಅಂದು ಗೊತ್ತಾಯಿತು. ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಮೇ ಮೊದಲ ವಾರದ ಒಂದು ಮಧ್ಯಾಹ್ನ ಮೊಬೈಲಿಗೆ ಸಂದೇಶ ಬಂತು: ಮುಂದಿನ 3 ಗಂಟೆಗಳಲ್ಲಿ ಗುಡುಗು, ಮಿಂಚು, ಬಿರುಗಾಳಿ. ಬಣ್ಣ ಹಳದಿ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೈಲಿದ್ದದ್ದು ಬಿಟ್ಟು ಎದ್ದೇಳಿ. ನನ್ನ ಹೆಂಡತಿಯ ಬಳಿ ಇರುವುದು ಒಂದೇ ಬಣ್ಣ, "ಬಟ್ಟೆ ತೆಗೀರಿ". ತಿಂಗಳಿಡೀ ಮೋಸಹೋಗಿದ್ದ ನಾನು ಈ ಸಲ ಪಳಗಿದವನ ಗತ್ತಿನಲ್ಲಿ, "ಒಂದೆರಡು ಕಡೆ ಮಾತ್ರ, ಸುಮ್ನಿರು" ಅಂದೆ.

ನಾಲ್ಕೂವರೆಗೆ ಪಶ್ಚಿಮದಲ್ಲಿ ಮೋಡ ಹೂಕೋಸಿನಂತೆ ಉಬ್ಬಿತು. ಕೆಂಗೇರಿಯಿಂದ ತಂಗಿ ಫೋನ್ ಮಾಡಿ, "ಅಣ್ಣಾ, ಇಲ್ಲಿ ಹಿಡ್ಕೊಂಡ್ ಬಾರಿಸ್ತಿದೆ, ನಿಮ್ಮಲ್ಲಿ?" ಅಂದಳು. ಬೆಂಗಳೂರಿನಲ್ಲಿ ಇದಕ್ಕಿಂತ ಕ್ರೂರವಾದ ಪ್ರಶ್ನೆ ಇನ್ನೊಂದಿಲ್ಲ. ಮೇಲಾಗಿ ವಿಡಿಯೊ ಬೇರೆ ಕಳಿಸಿದಳು. ಈ ಗುಡುಗು ಮೋಡಗಳ ಬುಡ ಕೆಲವೇ ಕಿಲೋಮೀಟರ್ ಅಗಲ; ತಾನಿದ್ದಲ್ಲಿ ಮಳೆ ಸುರಿದು, ಮಳೆಯೊಂದಿಗೆ ಇಳಿದ ತಣ್ಣನೆ ಗಾಳಿಯನ್ನು ನೆಲದುದ್ದಕ್ಕೂ ಸುತ್ತಲಿನ ಬಡಾವಣೆಗಳ ಮೇಲೆ ತಳ್ಳುತ್ತದೆ. ಅಂದರೆ ಮಳೆ ತಂಗಿಯ ಪಾಲಿಗೆ, ಗಾಳಿ ನಮ್ಮ ಪಾಲಿಗೆ. ಐದು ನಿಮಿಷ ಕಿಟಕಿ, ಬಾಗಿಲು, ನೀರಿನ ಟ್ಯಾಂಕಿನ ಮುಚ್ಚಳ ಎಲ್ಲವೂ ಒಟ್ಟಿಗೆ ಬಡಿದುಕೊಂಡವು. ಕರೆಂಟು ಹೋಯಿತು. ನಾನು ತಾರಸಿ ಮುಟ್ಟುವಷ್ಟರಲ್ಲಿ ಮಾವನ ಧೋತರ ತಂತಿ ಬಿಟ್ಟು, ಕಚ್ಚೆ ಬಿಚ್ಚಿದವರಂತೆ ಹಾರಿ, ರಸ್ತೆಯಾಚೆಯ ಮಳೆಮರದ ತುದಿಗೆ ಹೋಗಿ ಕೂತಿತ್ತು. ಹೆಸರಿಗೆ ಮಳೆಮರ! ನಮ್ಮ ಮೇಲೆ ಒಂದೇ ಒಂದು ಹನಿ ಬೀಳಲಿಲ್ಲ.

ಮಾವ ಮರವನ್ನೂ ನನ್ನನ್ನೂ ಒಂದೇ ಸಲ ನೋಡಿದರು. "ನೀ ಹೇಳಿದ ಒಂದೆರಡು ಕಡೆ ಅದೇ ಏನು?"

ಮರುದಿನದ ರೈಲಿಗೆ ಹೊರಟೇಬಿಟ್ಟರು. ಕೂಲರ್ ಕರೆಯುತ್ತಿತ್ತು.

ಧೋತರ ನಾಲ್ಕು ದಿನ ಬಾವುಟದಂತೆ ಮೇಲೆಯೇ ಇತ್ತು. ಅದರ ಕೆಳಗೆ ಎದುರುಮನೆಯವರ ಕಾರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಮಾರ್ಚಿನಲ್ಲೇ ಆದೇಶವಾಗಿತ್ತಲ್ಲ, ಅಂದಿನಿಂದ ಅದು ನೀರು ಕಂಡಿರಲಿಲ್ಲ. ಬಾನೆಟ್ಟಿನ ಧೂಳಿನ ಮೇಲೆ ಮಕ್ಕಳು ಬೆರಳಲ್ಲಿ ಚೌಕಾಬಾರದ ಮನೆ ಗೀಚಿ, ಹುಣಸೆಬೀಜ ಇಟ್ಟು ಆಡುತ್ತಿದ್ದರು.

ಐದನೆಯ ಸಂಜೆ ಯಾವ ಸಂದೇಶವನ್ನೂ ನಾನು ಓದಿರಲಿಲ್ಲ, ಬಕೆಟ್ಟನ್ನೂ ಇಟ್ಟಿರಲಿಲ್ಲ. ಮಳೆ ಬಂತು. ಬಂತು ಅಂದರೆ, ಆಲಿಕಲ್ಲು ಸಮೇತ. (ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಸುರಿದು 1891ರ ಜೂನ್ ದಾಖಲೆ ಮುರಿಯಿತು. ಆಗ ಬಕೆಟ್ ತಾರಸಿಯ ಬದಲು ನಡುಮನೆಯಲ್ಲಿಡಬೇಕಾಯಿತು. ಅದಿರಲಿ.) ಬಾಲ್ಕನಿಗೆ ಓಡಿದೆ. ಗುಡುಗು ಸ್ವಲ್ಪ ದೂರ ಸರಿದಿತ್ತಷ್ಟೆ, ಎದುರುಮನೆಯವರು ಬನಿಯನ್ನಿನಲ್ಲೇ ರಸ್ತೆಗಿಳಿದಿದ್ದರು, ಹಲ್ಲಲ್ಲಿ ಶಾಂಪೂ ಪೊಟ್ಟಣ ಕಚ್ಚಿಕೊಂಡು. ಮಳೆ ನೀರಿಗೆ ದಂಡವಿಲ್ಲವಲ್ಲ! ಮಿಂಚಿರುವಾಗ ಮರದಡಿ ನಿಲ್ಲಬೇಡಿ ಸಾರ್ ಅಂತ ಕೂಗಿದೆ. ಅವರು ನಗುತ್ತ ಕೈಯೆತ್ತಿದರು. ಕೈಯಲ್ಲಿ ನೊರೆ ತುಂಬಿದ ಬಿಳಿ ಬಟ್ಟೆ. ಉದ್ದದ ಬಟ್ಟೆ. ಕೆಂಪು ಅಂಚಿನದು.

ಅಷ್ಟರಲ್ಲಿ ರಾಯಚೂರಿನಿಂದ ಫೋನು. "ಟೀವ್ಯಾಗ ತೋರಸ್ಲಿಕತ್ತಾರ, ನಿಮ್ಮ ಕಡೆ ಮಳಿ ಬಂತಂತ. ನನ್ನ ಧೋತರ ಕೆಳಗ ಬಿತ್ತೇನು?"

ಮತ್ತೊಮ್ಮೆ ಬಗ್ಗಿ ನೋಡಿದೆ. ಎಡಗಡೆಯ ಚಕ್ರಗಳು ಮುಗಿದಿದ್ದವು.

"ಬಿತ್ತು ಮಾವ," ಅಂದೆ. "ಒಗೀತಾ ಇದಾರೆ."