ವೇಗದ ದಂಡ ದಿನಕ್ಕೊಂದೇ ಅನ್ನೋದು ನಿಜವಲ್ಲ

ಅತಿ ವೇಗಕ್ಕೆ ಒಮ್ಮೆ ದಂಡ ಬಿದ್ದರೆ, ಮಧ್ಯರಾತ್ರಿವರೆಗೆ ಮತ್ತೆ ಹಾಕುವಂತಿಲ್ಲ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಇದು ತಪ್ಪು. ಮೋಟಾರು ವಾಹನ ಕಾಯ್ದೆಯ 183ನೇ ಕಲಂನಲ್ಲಿ ಇಂಥ ವಿನಾಯಿತಿಯೇ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸನ್ನೇ ವಶಕ್ಕೆ ಪಡೆಯಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವಾಗ ಒಂದು ಕ್ಯಾಮೆರಾ, ಬರುವಾಗ ಇನ್ನೊಂದು ಹಿಡಿದರೆ ಅವು ಎರಡು ಬೇರೆ ತಪ್ಪುಗಳು. ಚಲನ್ ಕೂಡ ಎರಡು ಬರಬಹುದು.

ಒಮ್ಮೆ ಕಟ್ಟಿದ ಮೇಲೆ ಮತ್ತೆ ಯಾಕೆ ಅನ್ನಿಸುವುದು ಸಹಜ, ಅಲ್ವಾ? ಅದಕ್ಕೇ ಜನ ಇದನ್ನು ನಂಬಿ, ಒಳ್ಳೆ ಮನಸ್ಸಿನಿಂದಲೇ ಕಳಿಸುತ್ತಾರೆ.

ಇಂಥ ಮೆಸೇಜ್ ಬಂದಾಗ ಯಾವ ಕಾಯ್ದೆ, ಯಾವ ಕಲಂ ಅಂತ ಬರೆದಿದೆಯಾ ನೋಡಿ. ಸುಮ್ನೆ ‘ಹೊಸ ರೂಲ್ಸ್’ ಅಂತಿದ್ದರೆ ಫಾರ್ವರ್ಡ್ ಮಾಡಬೇಡಿ. ಕಲಂ ನಂಬರ್ ಇದ್ದರೆ, ಇಂಡಿಯಾ ಕೋಡ್ ಎಂಬ ಸರ್ಕಾರಿ ತಾಣದಲ್ಲಿ ಕಾಯ್ದೆ ಪುಕ್ಕಟೆ ಸಿಗುತ್ತದೆ, ಓದಿ ನೋಡಬಹುದು.