ಬಿಸಿಲಿಗೂ ಸಿಡಿಲಿಗೂ ಸತ್ತವರು ಯಾವ ಪಟ್ಟಿಗೆ ಸೇರಬೇಕು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟಿರುವ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಪ್ರಕೃತಿ ವಿಕೋಪಗಳಿಗೆ ಬಲಿಯಾದವರು 8,060 ಮಂದಿ. ಅವರಲ್ಲಿ 2,887 ಮಂದಿ ಸತ್ತದ್ದು ಸಿಡಿಲು ಬಡಿದು, 730 ಮಂದಿ ಬಿಸಿಲಿನ ಹೊಡೆತಕ್ಕೆ. ಚಂಡಮಾರುತ ಬಂದರೆ ಸುದ್ದಿವಾಹಿನಿಗಳು ದಿನಗಟ್ಟಲೆ ಕಡಲ ತೀರದಲ್ಲೇ ಬೀಡುಬಿಡುತ್ತವೆ. ಸಿಡಿಲು ಹಾಗಲ್ಲ, ಒಂದು ಊರಿನಲ್ಲಿ ಒಬ್ಬರನ್ನು, ಮತ್ತೊಂದು ಊರಿನಲ್ಲಿ ಇಬ್ಬರನ್ನು ಕೊಂದು ಹೋಗುತ್ತದೆ. ಆ ಸಾವುಗಳು ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿಯುತ್ತವೆ.

ಬಿಸಿಲಿನ ಸಾವಿಗೆ ಎಷ್ಟೋ ಸಲ ಆ ನಾಲ್ಕು ಸಾಲೂ ಸಿಗುವುದಿಲ್ಲ. ಮಧ್ಯಾಹ್ನವೆಲ್ಲ ಇಟ್ಟಿಗೆ ಹೊತ್ತು ಸಂಜೆ ಕುಸಿದು ಬಿದ್ದವನ ಮರಣ ಪತ್ರದಲ್ಲಿ ಹೃದಯ ಸ್ತಂಭನವೆಂದೋ ಮೂತ್ರಪಿಂಡ ವೈಫಲ್ಯವೆಂದೋ ಬರೆದಿರುತ್ತಾರೆ. ವೈದ್ಯಕೀಯವಾಗಿ ಅದು ಸುಳ್ಳಲ್ಲ, ಆದರೆ ಆ ಹೃದಯವನ್ನು ನಿಲ್ಲಿಸಿದ್ದು ಯಾವುದೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿರುವುದಿಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದ್ ನಗರ ಕಾದು ಕೆಂಡವಾದಾಗ, ಉಳಿದ ವರ್ಷಗಳ ಅದೇ ತಿಂಗಳಿಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದ್ದವು. ಅವುಗಳನ್ನು ಎಣಿಸಲು ಸಾಧ್ಯವಾದದ್ದು ಸಂಶೋಧಕರು ವರ್ಷವರ್ಷದ ಸಾವಿನ ಸಂಖ್ಯೆಯನ್ನು ಹೋಲಿಸಿ ನೋಡಿದ್ದರಿಂದ. ಆ ನಗರ 2013ರಲ್ಲಿ ಬಿಸಿಗಾಳಿ ಕ್ರಿಯಾಯೋಜನೆ ಜಾರಿಗೆ ತಂದದ್ದು ಆ ಎಣಿಕೆಯ ಫಲ. ಎಣಿಸದೆ ಇದ್ದ ಸಾವಿಗೆ ಯಾರೂ ಯೋಜನೆ ಬರೆಯುವುದಿಲ್ಲ.

ಇನ್ನು ಪರಿಹಾರದ ಮಾತು. ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ನೆರವು ಕೊಡಲು ಕೇಂದ್ರ ಸರ್ಕಾರ ಒಂದು ಪಟ್ಟಿ ಮಾಡಿದೆ. 2022ರಿಂದ 2026ರವರೆಗಿನ ಅವಧಿಯ ಮಾರ್ಗಸೂಚಿಯಲ್ಲಿ ಆ ಪಟ್ಟಿಗೆ ಸೇರಿದ್ದವು 12 ವಿಕೋಪಗಳು: ಬರ, ನೆರೆ, ಭೂಕಂಪ, ಚಂಡಮಾರುತ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ ಇತ್ಯಾದಿ. ಶೀತಗಾಳಿಯೂ ಅದರಲ್ಲಿತ್ತು, ಬಿಸಿಗಾಳಿ ಮತ್ತು ಸಿಡಿಲು ಇರಲಿಲ್ಲ. ರಾಜ್ಯಗಳು ಬೇಕಿದ್ದರೆ ಇವನ್ನು ತಮ್ಮ ಮಟ್ಟದ ವಿಪತ್ತೆಂದು ಘೋಷಿಸಿಕೊಂಡು ನಿಧಿಯ ಶೇ 10ರ ಮಿತಿಯೊಳಗೆ ಖರ್ಚು ಮಾಡಬಹುದಿತ್ತು. ಒಡಿಶಾ 2015ರಲ್ಲೇ ಸಿಡಿಲನ್ನು ಹಾಗೆ ಘೋಷಿಸಿತು, ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನು ಸೇರಿಸಿತು. ಸತ್ತವನ ಮನೆಯವರಿಗೆ ನೆರವು ಸಿಗುವುದು ಅವನು ಯಾವ ರಾಜ್ಯದ ಗಡಿಯೊಳಗೆ ಸತ್ತ ಎಂಬುದರ ಮೇಲೆ ನಿಂತಿದ್ದುದು ನ್ಯಾಯವೆಂದು ನನಗೆ ಯಾವ ಕಾರಣಕ್ಕೂ ಅನ್ನಿಸುವುದಿಲ್ಲ.

ಬಿಸಿಲು, ಸಿಡಿಲು, ಬಿರುಮಳೆ ಇವು ಮೂರೂ ಒಂದೇ ಸರಪಳಿಯ ಕೊಂಡಿಗಳು. ಏಪ್ರಿಲ್, ಮೇ ತಿಂಗಳಲ್ಲಿ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಅದಕ್ಕೆ ಬಂಗಾಳ ಕೊಲ್ಲಿಯ ಅಥವಾ ಅರಬ್ಬೀ ಸಮುದ್ರದ ತೇವ ಸೇರಿದರೆ, ಮಧ್ಯಾಹ್ನ ಚದುರಿದ ತುಣುಕುಗಳಂತಿದ್ದ ಮೋಡ ಸಂಜೆಯೊಳಗೆ 12 ಕಿಲೋಮೀಟರ್‌ಗೂ ಹೆಚ್ಚು ಎತ್ತರ ಬೆಳೆಯುತ್ತದೆ. ಅದರೊಳಗೆ ಹಿಮದ ಹರಳುಗಳು ಮೃದು ಆಲಿಕಲ್ಲಿಗೆ ತಾಗಿ ತಾಗಿ ವಿದ್ಯುತ್ ಆವೇಶ ಬೇರ್ಪಟ್ಟು ಸಿಡಿಲಾಗುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು, ಹೀಗಾಗಿ ಸುರಿಯುವಾಗಲೂ ಹೆಚ್ಚು ಸುರಿಯುತ್ತದೆ.

ಮಳೆ ಬಂದಾಗ ಹೊಲದಲ್ಲಿರುವವರು ಓಡುವುದು ಬದುವಿನ ಮೇಲಿನ ಒಂಟಿ ಮರದ ಬುಡಕ್ಕೆ. ಸಿಡಿಲು ಬಡಿಯುವುದೂ ಅದಕ್ಕೇ. ಕಾಂಡದಿಂದ ಪಕ್ಕಕ್ಕೆ ಹಾರಿದ ವಿದ್ಯುತ್ತು ನಿಂತವರನ್ನು ಹಿಡಿಯುತ್ತದೆ, ಉಳಿದದ್ದು ಬೇರಿನ ಸುತ್ತ ಹಸಿ ನೆಲದಲ್ಲಿ ಹರಡಿ, ಅಲ್ಲಿ ನಿಂತವರ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ, ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಏಟು ಜೋರು. ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವ ದನಗಳು ಒಂದೇ ಏಟಿಗೆ ಹಿಂಡುಹಿಂಡಾಗಿ ಸಾಯುವುದು ಇದೇ ಕಾರಣಕ್ಕೆ.

ಮುನ್ನೆಚ್ಚರಿಕೆ ಇಲ್ಲವೆನ್ನಲಾಗದು. ಹವಾಮಾನ ಇಲಾಖೆ ಬಣ್ಣಬಣ್ಣದ ಅಲರ್ಟ್ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇದೆ, ನಮ್ಮ ರಾಜ್ಯದ್ದೇ ಆದ ಸಿಡಿಲು ಆ್ಯಪ್ ಇದೆ. ಇವನ್ನು ರೂಪಿಸಿದ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಕಳೆ ಕೀಳುವ ಹೆಂಗಸರ ಫೋನ್ ಬುತ್ತಿಯ ಚೀಲದೊಳಗೆ ಬದುವಿನ ಮೇಲಿರುತ್ತದೆ. ಅದು ಸದ್ದು ಮಾಡಿದ್ದು ಕೇಳಿಸಿದರೂ, ಸಾಲು ಮುಗಿಯುವ ಮುನ್ನ ಎದ್ದರೆ ಅರ್ಧ ದಿನದ ಕೂಲಿ ಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕೂಲಿ ಕಳೆದುಕೊಳ್ಳದೆ ಕೆಲಸ ನಿಲ್ಲಿಸುವ ಅವಕಾಶವಿಲ್ಲದವರಿಗೆ ಎಚ್ಚರಿಕೆ ಕೊಟ್ಟು ಏನು ಪ್ರಯೋಜನ? ಸರ್ಕಾರದ ಕೆಲಸದಲ್ಲಿದ್ದವರ ಸ್ಥಿತಿಯೂ ಬೇರೆಯಲ್ಲ. 2024ರ ಲೋಕಸಭಾ ಚುನಾವಣೆಯ ಕೊನೆಯ ಹಂತದ ದಿನ ಉತ್ತರ ಪ್ರದೇಶವೊಂದರಲ್ಲೇ 33 ಮಂದಿ ಚುನಾವಣಾ ಸಿಬ್ಬಂದಿ ಬಿಸಿಲಿನ ತಾಪಕ್ಕೆ ಸತ್ತರು.

ದಾರಿಗಳು ಇಲ್ಲದೇ ಇಲ್ಲ. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಕಡ್ಡಾಯ ವಿರಾಮ ಕೊಡಿಸುತ್ತದೆ. ಗುಜರಾತಿನಲ್ಲಿ ಹುಟ್ಟಿದ ಸೇವಾ ಮಹಿಳಾ ಸಂಘಟನೆ, ತಾಪಮಾನ ನಿಗದಿತ ಮಿತಿ ದಾಟಿದರೆ ಸದಸ್ಯೆಯರ ಕೈಗೆ ಹಣ ಸೇರುವಂಥ ವಿಮೆಯನ್ನು ನಡೆಸಿ ತೋರಿಸಿದೆ. ಉದ್ಯೋಗ ಖಾತರಿ ಕಾಮಗಾರಿಗಳಿಂದಲೇ ನಮ್ಮ ರಾಜ್ಯ ಇದನ್ನು ಆರಂಭಿಸಬಹುದು: ಆರೆಂಜ್ ಅಥವಾ ರೆಡ್ ಅಲರ್ಟ್ ಬಂದ ದಿನ ನಡುಹಗಲಿನ ಕೆಲಸ ನಿಲ್ಲಲಿ, ಆ ದಿನದ ಕೂಲಿ ಪೂರ್ತಿ ಸಿಗಲಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಯಾರನ್ನೂ ಬಯಲಿಗೆ ಇಳಿಸಕೂಡದೆಂಬ ಲಿಖಿತ ಆದೇಶ ಪ್ರತಿ ಗ್ರಾಮ ಪಂಚಾಯಿತಿಗೂ ತಲುಪಲಿ. ಬರುವ ಬೇಸಿಗೆ ಶುರುವಾಗುವ ಮೊದಲೇ ನಿಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಠರಾವಿಗೆ ತನ್ನಿ.