ಸತ್ಯಾಂಶ: ಸಿಂಗಾಪುರದ ಫಿರಂಗಿಗಳು ತಿರುಗಲೇ ಇಲ್ಲವೇ?

ಬ್ರಿಟಿಷರು ಸಿಂಗಾಪುರದ ದೊಡ್ಡ ಫಿರಂಗಿಗಳನ್ನು ಸಮುದ್ರಕ್ಕೆ ಮುಖಮಾಡಿ ನೆಟ್ಟಿದ್ದರು, ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಹಿಂಬಾಗಿಲಿನಿಂದ, ಅಂದರೆ ನೆಲದ ಕಡೆಯಿಂದ, ಬಂದಾಗ ಅವು ತಿರುಗಲೇ ಇಲ್ಲ ಎಂಬ ಸಂದೇಶ ಆಗಾಗ ಮೊಬೈಲ್‌ಗೆ ಬರುತ್ತಿರುತ್ತದೆ. ಕಥೆ ಸೊಗಸಾಗಿದೆ, ಹಂಚಿಕೊಂಡವರನ್ನು ದೂರುವಂತಿಲ್ಲ. ಆದರೆ ಅದು ಸರಿಯಲ್ಲ.

ಹಲವು ಫಿರಂಗಿಗಳು ತಿರುಗಿದವು. ಸಿಂಗಾಪುರದ ಚಾಂಗಿಯಲ್ಲಿದ್ದ ಜೊಹೋರ್ ಬ್ಯಾಟರಿ ಎಂಬ ಫಿರಂಗಿ ನೆಲೆಯ 15 ಇಂಚಿನ ಫಿರಂಗಿಗಳು 1942ರ ಫೆಬ್ರವರಿಯಲ್ಲಿ ನೆಲದತ್ತಲೇ ಗುಂಡು ಹಾರಿಸಿದವು. ತೊಡಕಿದ್ದದ್ದು ಮದ್ದುಗುಂಡಿನಲ್ಲಿ. ಅಲ್ಲಿದ್ದವು ಬಹುಪಾಲು ಹಡಗಿನ ಉಕ್ಕಿನ ಕವಚ ಸೀಳುವ ಗುಂಡುಗಳು. ನೆಲಕ್ಕೆ ಬಿದ್ದರೆ ಆಳಕ್ಕೆ ಹೂತು ಸಿಡಿಯುವಂಥವು. ಚದುರಿ ನುಗ್ಗುವ ಕಾಲಾಳುಗಳಿಗೆ ಅವುಗಳಿಂದ ಹೆಚ್ಚು ಹಾನಿಯಿಲ್ಲ.

ಬ್ರಿಟಿಷರ ಸೋಲಿನ ಬೇರು ಇನ್ನೂ ಹಿಂದಿದೆ. 1922ರ ವಾಷಿಂಗ್ಟನ್ ಒಪ್ಪಂದ ಬ್ರಿಟನ್, ಅಮೆರಿಕ, ಜಪಾನ್‌ಗಳ ಭಾರೀ ಯುದ್ಧನೌಕೆಗಳಿಗೆ 5:5:3 ಪ್ರಮಾಣ ಗೊತ್ತುಮಾಡಿತು. ಎರಡು ಸಾಗರಗಳಿಗೆ ಎರಡು ನೌಕಾಪಡೆ ಸಾಕುವ ಶಕ್ತಿ ಬ್ರಿಟನ್ನಿಗಿರಲಿಲ್ಲ. ಸಿಂಗಾಪುರದಲ್ಲಿ ನೆಲೆ ಕಟ್ಟಿ, ಅಪಾಯ ಬಂದಾಗ ಯುರೋಪಿನಿಂದ ಹಡಗುಗಳನ್ನು ಕಳುಹಿಸುವುದು ಅದರ ಲೆಕ್ಕ. ನೆಲೆ 1938ರಲ್ಲಿ ಉದ್ಘಾಟನೆಯಾಯಿತು. ಹಡಗುಗಳು ಮಾತ್ರ ಹಿಟ್ಲರನ ಯುದ್ಧದಲ್ಲಿ ಸಿಲುಕಿಕೊಂಡವು. ಬಂದ ಎರಡು ದೊಡ್ಡ ನೌಕೆಗಳನ್ನೂ 1941ರ ಡಿಸೆಂಬರ್ 10ರಂದು ಜಪಾನಿ ವಿಮಾನಗಳು ಮುಳುಗಿಸಿದವು. ನನ್ನ ಮಟ್ಟಿಗೆ ಕಥೆ ಮುಗಿದದ್ದು ಆ ದಿನವೇ. 1942ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ ಜಪಾನೀಯರಿಗೆ ಶರಣಾದವರಲ್ಲಿ ಸಾವಿರಾರು ಭಾರತೀಯ ಸೈನಿಕರೂ ಇದ್ದರು.

ಇಂಥ ಸಂದೇಶ ಬಂದರೆ ಯಾವ ಫಿರಂಗಿ, ಎಲ್ಲಿತ್ತು, ಯಾವಾಗ ಗುಂಡು ಹಾರಿಸಿತು ಎಂದು ಕೇಳಿ ನೋಡಿ. ಹೆಸರು, ಜಾಗ, ದಿನಾಂಕ ಮೂರೂ ಇಲ್ಲದಿದ್ದರೆ ಅನುಮಾನಿಸಿ. ಗ್ರಂಥಾಲಯದಲ್ಲಿ ಅಧಿಕೃತ ಯುದ್ಧ ಇತಿಹಾಸ ಸಿಕ್ಕರೆ, ಫಿರಂಗಿಗಳ ವಿವರವನ್ನು ನಕ್ಷೆಯೊಂದಿಗೆ ಹೋಲಿಸಿ.